ಮಜ್ಜಿಗೆಗೆ ಬಂದವರು ಎಮ್ಮೆಯ ಕ್ರಯ ಕೇಳಿದರೆ

ಮಜ್ಜಿಗೆಗೆ ಬಂದವನಿಗೆ ಎಮ್ಮೆಯ ಕ್ರಯ ಯಾಕೆ? ಹೀಗೊಂದು ಗಾದೆ ನಮ್ಮಲ್ಲಿದೆ. ಚೊಂಬು ಹಿಡಿದು ಬಂದವನು ಹೊಯ್ದಷ್ಟು ಹೊಯ್ಯಿಸಿಕೊಂಡು ತೆಪ್ಪಗೆ ಹೋಗಬೇಕು, ಕೊಟ್ಟಿಗೆ ಕಡೆ ಕಣ್ಣು ಹಾಯಿಸಬಾರದು, ಲೆಕ್ಕ ಕೇಳಬಾರದು ಅಂತ ಅದರ ತಾತ್ಪರ್ಯ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ವೇದದ ವಿಚಾರ ಹಾಗಿರಲಿ, ಗಾದೆಗೂ ಒಂದು ಬಾಯಿ ಇರುತ್ತದೆ, ಒಂದು ಕಿವಿ ಇರುತ್ತದೆ. ಯಾರು ಆಡಿದ್ದು, ಯಾರಿಗೆ ಆಡಿದ್ದು ಅಂತ ನೋಡದೆ ಒಪ್ಪುವ ಹಾಗಿಲ್ಲ. ಮಜ್ಜಿಗೆಗೆ ಹೋದವನು ಈ ಗಾದೆ ಕಟ್ಟಿರಲಾರ. ಕೊಟ್ಟಿಗೆಯ ಯಜಮಾನ ಕಟ್ಟಿದ್ದು ಇದು.

ಮನೆಯಲ್ಲಿ ಮೊಸರು ಕಡೆದು ಬೆಣ್ಣೆ ತೆಗೆಯುವ ಕೆಲಸ, ಅದರ ಸುತ್ತ ಹುಟ್ಟಿಕೊಂಡ ಆಚಾರ ನಂಬಿಕೆ, ಇವುಗಳ ಬಗ್ಗೆ ಈಚೆಗೆ ಬರುವ ಬರಹಗಳನ್ನು ನೋಡಿ. ಎಲ್ಲ ಒಂದೇ ರಾಗ. ಅಜ್ಜಿ ಕಡೆಯುತ್ತಿದ್ದ ಬೆಣ್ಣೆ, ಆ ಘಮ, ಆ ಕಾಲ, ಆ ಮನುಷ್ಯರು. ಯಾರ ಅಜ್ಜಿ ಸ್ವಾಮಿ? ಘಮ ಊರಿನ ಎಲ್ಲರ ಮೂಗಿಗೂ ಬಂತು. ಬೆಣ್ಣೆ ಎಲ್ಲರ ಅಂಗೈಗೂ ಬರಲಿಲ್ಲ. ಈ ಬರಹಗಳನ್ನು ಓದಿ ಹೊಟ್ಟೆಕಿಚ್ಚಿನಿಂದ ನಾನಿದನ್ನು ಬರೆಯುತ್ತಿಲ್ಲ. ಒಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

'ನಿಮ್ಮ ತಾತ ನಮ್ಮನೆ ಮಜ್ಜಿಗೆ ಕುಡ್ದು ಬೆಳೆದೋನು ಕಣ್ಲಾ.' ಈ ಮಾತನ್ನು ಹಟ್ಟಿಯಲ್ಲಿ ಹುಟ್ಟಿದ ಯಾರು ಕೇಳಿಲ್ಲ? ಕೂಲಿ ಹತ್ತು ರೂಪಾಯಿ ಜಾಸ್ತಿ ಕೇಳಿದಾಗ, ಪಂಚಾಯ್ತಿ ಚುನಾವಣೆಗೆ ನಿಂತಾಗ, ನಮ್ಮ ಹುಡುಗ ಹೊಸ ಬೈಕಿನಲ್ಲಿ ಊರೊಳಗೆ ಬಂದಾಗ ಈ ಮಾತು ಎದ್ದು ನಿಲ್ಲುತ್ತದೆ. ಕುಣಿಗಲ್ ಸೀಮೆಯ ನಮ್ಮೂರಿನಲ್ಲಿ ನಮ್ಮಪ್ಪ ಇದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೇನೆ. ನಾವು ಊರು ಬಿಟ್ಟು ಬೆಂಗಳೂರಿನ ರಾಜಗೋಪಾಲನಗರಕ್ಕೆ ಬಂದು ಎಷ್ಟೋ ವರ್ಷವಾಯಿತು. ಅಪ್ಪ ಪೀಣ್ಯದಲ್ಲಿ ಲೇತು ಓಡಿಸಿದ, ಅವ್ವ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಳು, ನಾನು ಡಿಗ್ರಿ ಮಾಡಿದೆ. ಆದರೂ ಹಬ್ಬಕ್ಕೆ ಊರಿಗೆ ಹೋದರೆ ಆ ಮಾತು ಬಸ್‌ಸ್ಟಾಂಡಿನಲ್ಲೇ ಕಾಯುತ್ತಿರುತ್ತದೆ. ಪ್ರಶ್ನೆ ಇದು: ಆ ಮಜ್ಜಿಗೆಯ ಋಣ ನಮ್ಮ ಮೇಲೆ ಇದೆಯೇ? ಇದ್ದರೆ ತೀರಿಸುವುದು ಹೇಗೆ? ಇಲ್ಲವಾದರೆ ಅಪ್ಪ ತಲೆ ತಗ್ಗಿಸಿದ್ದು ಯಾಕೆ?

ಮೊದಲು ಕೆಲಸವನ್ನು ನೋಡೋಣ. ಕೆಲಸ ಗೊತ್ತಿಲ್ಲದೆ ನೀತಿ ಮಾತಾಡುವುದು ಮಠದವರ ಅಭ್ಯಾಸ.

ಹಾಲು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಡುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಗಡಿಗೆಯನ್ನು ಸಿಂಬೆಯ ಮೇಲೆ ಕೂರಿಸಿ, ಮಂತನ್ನು ಅದರೊಳಗೆ ಇಳಿಬಿಟ್ಟು, ಮೇಲಿನ ತುದಿಯನ್ನು ಕಂಬಕ್ಕೆ ಸಡಿಲಾಗಿ ಸಿಕ್ಕಿಸುತ್ತಾರೆ. ನಾವು ಮಂತು ಅನ್ನುವುದನ್ನು ಬೇರೆ ಸೀಮೆಗಳಲ್ಲಿ ಕಡಗೋಲು ಅನ್ನುತ್ತಾರೆ. ಹಗ್ಗವನ್ನು ಮಂತಿಗೆ ಎರಡು ಮೂರು ಸುತ್ತು ಹಾಕಿ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯುವುದು. ಬಲಗೈ ಎಳೆದಾಗ ಎಡಗೈ ಬಿಡಬೇಕು, ಎಡಗೈ ಎಳೆದಾಗ ಬಲಗೈ ಬಿಡಬೇಕು. ಹಾಲಿನ ಜಿಡ್ಡು ಕಣ್ಣಿಗೆ ಕಾಣದ ಸಣ್ಣ ಗುಂಡುಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಒಂದೊಂದು ಗುಂಡಿಗೂ ತೆಳ್ಳನೆ ಪೊರೆ ಇರುತ್ತದೆ. ಮಂತು ತಿರುಗಿದಂತೆ ಪೊರೆ ಹರಿದು ಗುಂಡು ಗುಂಡಿಗೆ ಅಂಟಿಕೊಂಡು ಬೆಣ್ಣೆಯಾಗುತ್ತದೆ. ಬಿಸಿ ಹೆಚ್ಚಾದರೆ ಜಿಡ್ಡು ಕರಗಿ ಗಟ್ಟಿ ಮುದ್ದೆ ಕೂಡುವುದಿಲ್ಲ, ಚಳಿ ಹೆಚ್ಚಾದರೆ ಗಟ್ಟಿಯಾಗಿ ಅಂಟುವುದಿಲ್ಲ. ಬೇಸಿಗೆಯಲ್ಲಿ ಬೆಳಗಿನ ಜಾವದ ತಣ್ಪು ಬೇಕು, ತಣ್ಣೀರು ಬೇಕು. ಚಳಿಗಾಲದಲ್ಲಿ ಒಂದಿಷ್ಟು ಬೆಚ್ಚನೆ ನೀರು ಹೊಯ್ಯಬೇಕು. ಥರ್ಮಾಮೀಟರ್ ನೋಡದ ಹೆಂಗಸರು ಇದನ್ನೆಲ್ಲ ಅಂಗೈಯಲ್ಲೇ ಅಳೆದರು. ಇದನ್ನು ವಿದ್ಯೆ ಎಂದು ಯಾರೂ ಕರೆಯಲಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಆಚಾರಗಳು. ಕಡೆಯುವಾಗ ಹೊರಗಿನವರು ನೋಡಬಾರದು, ದೃಷ್ಟಿ ತಾಗಿ ಬೆಣ್ಣೆ ಬರುವುದಿಲ್ಲ. ಮುಟ್ಟಾದವಳು ಗಡಿಗೆ ಮುಟ್ಟಬಾರದು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಆಚೆ ಹೋಗಬಾರದು. ಮಂಗಳವಾರ ಶುಕ್ರವಾರ ಮೊದಲೇ ಕೂಡದು, ಲಕ್ಷ್ಮಿ ಹೊರಟುಹೋಗುತ್ತಾಳೆ. ಕೊಡಲೇಬೇಕಾಗಿ ಬಂದರೆ ಒಂದು ಮೆಣಸಿನಕಾಯಿಯನ್ನೋ ಇದ್ದಿಲ ಚೂರನ್ನೋ ಹಾಕಿ ಕೊಡಬೇಕು. ಕರು ಹಾಕಿದಾಗ ಗಿಣ್ಣನ್ನು ನೆರೆಹೊರೆಗೆ ಹಂಚಬೇಕು. ಮೊದಲ ಬೆಣ್ಣೆ ದೇವರ ಪಾಲು. ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯೋ ನುಗ್ಗೆಸೊಪ್ಪೋ ಹಾಕಬೇಕು. ತಳದಲ್ಲಿ ಉಳಿಯುವ ಗಸಿ ಮಕ್ಕಳಿಗೆ. ಮತ್ತೆ, ಹಾಲು ಮಾರಿದರೂ ಮಜ್ಜಿಗೆ ಮಾರಬಾರದು. ಕೇಳಿ ಬಂದವರಿಗೆ ಇಲ್ಲ ಅನ್ನಬಾರದು.

ಇದರಲ್ಲಿ ಚೆಂದ ಇಲ್ಲ ಅಂತ ನಾನು ಹೇಳುವುದಿಲ್ಲ. ಗಿಣ್ಣು ಹಂಚುವ ಪದ್ಧತಿಗೆ ಇನ್ನೊಂದು ಮಗ್ಗುಲು ಇದೆ. ಗಿಣ್ಣು ತಂದ ಪಾತ್ರೆಯನ್ನು ಬರಿದು ಮಾಡಿ ವಾಪಸು ಕೊಡಬಾರದು. ಒಂದು ಚೂರು ಬೆಲ್ಲ, ನಾಲ್ಕು ಕಾಳು ಅಕ್ಕಿ, ಏನಾದರೂ ಹಾಕಿಯೇ ಕಳಿಸಬೇಕು. ನೆರೆಹೊರೆ ಅನ್ನುವುದು ಹೀಗೆ ಪಾತ್ರೆಗಳ ಓಡಾಟದಲ್ಲಿ ಕಟ್ಟಿಕೊಳ್ಳುತ್ತದೆ. ಇವತ್ತು ನೀನು ಕೊಟ್ಟೆ, ನಾಳೆ ನಾನು ಕೊಡುತ್ತೇನೆ. ಇದನ್ನು ಋಣ ಅನ್ನಿ, ನಂಟು ಅನ್ನಿ.

ಈಗ ಹಟ್ಟಿಯವರು ಮಜ್ಜಿಗೆಗೆ ಹೋಗುತ್ತಿದ್ದದ್ದು ಹೇಗೆ ನೋಡಿ. ಹಿತ್ತಿಲ ಬಾಗಿಲು. ಜಗುಲಿಯಿಂದ ನಾಲ್ಕು ಮಾರು ದೂರ. ನಮ್ಮ ಚೊಂಬು ನೆಲದ ಮೇಲೆ, ಅವರ ತಪ್ಪಲೆ ಎತ್ತರದಲ್ಲಿ. ಎತ್ತಿ ಹೊಯ್ಯುವುದು. ಅವರ ಪಾತ್ರೆ ನಮ್ಮ ಕೈಗೆ ಬರಲೇ ಇಲ್ಲ. ಬಾರದ ಪಾತ್ರೆಗೆ ಬೆಲ್ಲ ಹಾಕಿ ಕಳಿಸುವುದು ಹೇಗೆ? ಹಾಕಿದ್ದರೂ ಆ ಬೆಲ್ಲ ಯಾರ ಬಾಯಿಗೆ ಹೋಗುತ್ತಿತ್ತು? ನಮ್ಮಜ್ಜಿ ಸುಗ್ಗಿಯಲ್ಲಿ ಅವರೇಕಾಯಿ ಆಯ್ದು ತಂದವಳು ಒಂದು ಮಡಿಲು ಅವರಿಗೆ ಕೊಡಲು ಹೋದಳಂತೆ. 'ಅಲ್ಲೇ ಎಮ್ಮೆ ಮುಂದೆ ಸುರಿ' ಅಂದರಂತೆ. ಎಮ್ಮೆ ತಿಂದಿತು. ಎಮ್ಮೆಗೆ ಮೈಲಿಗೆ ಇಲ್ಲ.

ನನ್ನ ಪ್ರಶ್ನೆಗೆ ಒಂದು ದಾರಿ ಇಲ್ಲಿ ಸಿಗುತ್ತದೆ ಅನ್ನಿಸುತ್ತದೆ. ತಿರುಗಿ ಕೊಡುವ ಹಕ್ಕು ಇದ್ದವನಿಗೆ ಮಾತ್ರ ಋಣ ಇರುತ್ತದೆ. ನಾನು ಕೊಟ್ಟರೆ ನೀನು ತೆಗೆದುಕೊಳ್ಳುವುದಿಲ್ಲ, ಆದರೆ ನೀನು ಕೊಟ್ಟದ್ದನ್ನು ನಾನು ಮೂರು ತಲೆಮಾರು ನೆನೆಯಬೇಕು ಅನ್ನುವುದಾದರೆ ಅದು ಋಣ ಅಲ್ಲ. ಅದು ಜೀತದ ಇನ್ನೊಂದು ಹೆಸರು.

ಜೀತ ಅಂದದ್ದು ಬಾಯಿಗೆ ಬಂದ ಹಾಗೆ ಅಲ್ಲ. ಆ ಎಮ್ಮೆಯನ್ನು ಮೇಯಿಸಿದವರು ಯಾರು? ಹಟ್ಟಿಯ ಹುಡುಗ. ಎಂಟು ಹತ್ತು ವರ್ಷಕ್ಕೆ ಜೀತಕ್ಕೆ ಬಿಟ್ಟವನು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ತಾತನ ಬಾಲ್ಯ ಅಷ್ಟರಲ್ಲಿ ಮುಗಿದಿತ್ತು. ಹುಲ್ಲು ಹೊತ್ತವರು ಯಾರು, ಕೊಟ್ಟಿಗೆ ಬಾಚಿದವರು ಯಾರು, ಸಗಣಿ ತಟ್ಟಿದವರು ಯಾರು? ಎಮ್ಮೆ ಸತ್ತಾಗ ಊರಾಚೆ ಹೊತ್ತುಕೊಂಡು ಹೋದವರು ಯಾರು? ಅದರ ತೊಗಲು ಹದ ಮಾಡಿ ಅದೇ ಯಜಮಾನನ ಕಾಲಿಗೆ ಮೆಟ್ಟು ಹೊಲಿದವರು ಯಾರು? ಹಸುವಿನ ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ ಐದೂ ಕೂಡಿದರೆ ಪಂಚಗವ್ಯ. ಪಾಪ ತೊಳೆಯುತ್ತದಂತೆ. ಸಗಣಿ ಪವಿತ್ರ, ಅದನ್ನು ದಿನಾ ಬಾಚುವ ಕೈ ಅಪವಿತ್ರ. ಈ ತರ್ಕ ನನಗೆ ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದ ಮೇಲೂ ಅರ್ಥವಾಗಿಲ್ಲ.

ಲೆಕ್ಕವನ್ನೂ ಹಾಕೋಣ, ಗಾದೆ ಬೇಡವೆಂದದ್ದನ್ನೇ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಆರೇಳು ಪಾಲು ಜಿಡ್ಡು, ಹಸುವಿನದರಲ್ಲಿ ಮೂರೂವರೆ ನಾಲ್ಕು. ಒಂದು ಕೆ.ಜಿ. ಬೆಣ್ಣೆಗೆ ಎಮ್ಮೆ ಹಾಲಾದರೆ ಹನ್ನೆರಡು ಹದಿಮೂರು ಲೀಟರ್ ಬೇಕು, ಹಸುವಿನದಾದರೆ ಇಪ್ಪತ್ತು ಲೀಟರಿಗೂ ಮೇಲೆ. ಮಿಕ್ಕದ್ದು ಮಜ್ಜಿಗೆ. ಅಷ್ಟು ಮಜ್ಜಿಗೆಯನ್ನು ಮನೆಯವರೇ ಕುಡಿದು ಮುಗಿಸಲಾಗದು, ಇಟ್ಟರೆ ಎರಡು ದಿನಕ್ಕೆ ಹುಳಿ ಏರಿ ಹಾಳು. ಮಾರಬಾರದು ಅನ್ನುವ ನೀತಿಗೆ ಇದೂ ಒಂದು ಕಾರಣ ಇರಬೇಕು. ಬೆಣ್ಣೆ ಕೊಟ್ಟು ಪುಣ್ಯ ಕಟ್ಟಿಕೊಂಡವರು ಕಡಿಮೆ. ಇಲ್ಲೊಂದು ತಮಾಷೆಯೂ ಇದೆ. ಮಾಂಸಖಂಡಕ್ಕೆ ಬೇಕಾದ ಪ್ರೋಟೀನು, ಮೂಳೆಗೆ ಬೇಕಾದ ಸುಣ್ಣದ ಅಂಶ ಬೆಣ್ಣೆಯ ಜತೆ ಹೋಗುವುದಿಲ್ಲ, ಮಜ್ಜಿಗೆಯಲ್ಲೇ ಉಳಿಯುತ್ತದೆ. ಹಾಗಾದರೆ ಒಳ್ಳೆಯದು ನಿಮಗೇ ಸಿಕ್ಕಿತಲ್ಲ ಅಂತ ಯಾರಾದರೂ ವಾದಿಸಬಹುದು. ನಮ್ಮಜ್ಜಿಯನ್ನು ಕೇಳಿ. ಹಿತ್ತಿಲ ಬಾಗಿಲಿಗೆ ಬರುವ ಹೊತ್ತಿಗೆ ಆ ಮಜ್ಜಿಗೆಯಲ್ಲಿ ಬಾವಿಯೇ ಇರುತ್ತಿತ್ತು. 'ಬಿಳೀ ನೀರು' ಅನ್ನುತ್ತಿದ್ದಳು. ರಾಗಿ ಅಂಬಲಿಗೆ ಅದನ್ನು ಬೆರೆಸಿ ಕುಡಿದು ಕಳೆ ಕೀಳಲು ಹೋಗುವುದು.

ಅಜ್ಜಿ ಬೆಳಗಿನ ಜಾವ ಆ ಮನೆಯ ಕೊಟ್ಟಿಗೆ ಗುಡಿಸಲು ಹೋಗುತ್ತಿದ್ದಳು. ಗೋಡೆಯ ಆ ಕಡೆ ಕಡೆಯುವುದು, ಈ ಕಡೆ ಬಾಚುವುದು. ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬೀಳುತ್ತಿತ್ತು. ಮೊದಮೊದಲು ಸರಬರ ಸರಬರ ಅಂತ ತೆಳ್ಳನೆ ಸದ್ದು, ಆಮೇಲೆ ಸದ್ದು ಭಾರವಾಗುತ್ತದೆ, ಮಂತು ತೊಡರುತ್ತದೆ, ಆಗ ಬೆಣ್ಣೆ ಬಂತು ಅಂತ ಅರ್ಥ. ಒಳಗೆ ಕಡೆಯುವವಳಿಗಿಂತ ಮೊದಲೇ ನನಗೆ ಗೊತ್ತಾಗುತ್ತಿತ್ತು ಅನ್ನುತ್ತಿದ್ದಳು. ಜಂಬದ ಮಾತು ಇರಬಹುದು, ಇದ್ದರೆ ಇರಲಿ.

1980ರ ದಶಕದಲ್ಲಿ ಐ.ಆರ್.ಡಿ.ಪಿ. ಸಾಲ ಬಂತು. ಪರಿಶಿಷ್ಟರಿಗೆ ಅರ್ಧದಷ್ಟು ಸಬ್ಸಿಡಿ. ನಮ್ಮ ಹಟ್ಟಿಗೂ ನಾಲ್ಕು ಎಮ್ಮೆ ಬಂದವು, ಒಂದು ನಮ್ಮ ಮನೆಗೆ. ಈಗ ನಮ್ಮ ಅಜ್ಜಿಗೂ ಎಮ್ಮೆಯ ಕ್ರಯ ಗೊತ್ತಾಯಿತು, ಕಂತು ಕಂತಾಗಿ ಗೊತ್ತಾಯಿತು! ಗೋಡೆಯಾಚೆಯಿಂದ ಕಿವಿಯಲ್ಲಿ ಕಲಿತ ವಿದ್ಯೆ ಕೈಗೆ ಬಂತು. ಜಾಲಿ ಕೊಂಬೆಯ ಕಂಬ, ಬಿದಿರು ಸೀಳಿ ಮಾಡಿದ ಮಂತು. ಬೆಣ್ಣೆಯೂ ಬಂತು. ಆದರೆ ಊರಿನಲ್ಲಿ ಕೊಳ್ಳುವವರಿಲ್ಲ. ಹಟ್ಟಿಯ ಎಮ್ಮೆ ಕೆಚ್ಚಲೂ ಮೈಲಿಗೆಯೇ? ಎರಡು ಎಮ್ಮೆಗಳೂ ಒಂದೇ ಕೆರೆಯಂಗಳದಲ್ಲಿ ಮೇಯ್ದವು, ಒಂದೇ ಕೋಣಕ್ಕೆ ಕಟ್ಟಿದವು. ಅಜ್ಜಿ ಬೆಣ್ಣೆಯನ್ನು ಬಾಳೆಲೆಯಲ್ಲಿ ಸುತ್ತಿ, ತಣ್ಣೀರ ಬಟ್ಟೆ ಹೊದಿಸಿ, ಸಂತೆಗೆ ಒಯ್ಯುತ್ತಿದ್ದಳು. ಅಲ್ಲಿ ಜಾತಿ ಕೇಳುವವರು ಯಾರು? ಕೇಳುವುದು ಪುಡಿ ಜಾಸ್ತಿಯೋ ಕಮ್ಮಿಯೋ ಅಂತ. ನಮ್ಮೂರಿನ ಯಜಮಾನರ ಮನೆಗೂ ಹಬ್ಬಕ್ಕೆ ಬೆಣ್ಣೆ ಸಾಲದೆ ಬಂದರೆ ಅದೇ ಸಂತೆಯಿಂದ ತರುತ್ತಿದ್ದರು. ಅಜ್ಜಿಯ ಬೆಣ್ಣೆ ಎಷ್ಟು ಸಲ ಹೀಗೆ ಸುತ್ತು ಹಾಕಿಕೊಂಡು ಅವರ ದೇವರ ದೀಪ ಉರಿಸಿತೋ. ಮುಖ ಗೊತ್ತಿಲ್ಲದಿದ್ದರೆ ಮೈಲಿಗೆ ಇಲ್ಲ ಅಂದಮೇಲೆ ಮೈಲಿಗೆ ಇರುವುದು ಬೆಣ್ಣೆಯಲ್ಲಿ ಅಲ್ಲ, ಮುಖದಲ್ಲಿ.

ತುಪ್ಪದ ಕತೆ ಇನ್ನೂ ಕಠೋರ. 1936ರಲ್ಲಿ ಬಾಬಾಸಾಹೇಬರು ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲಕ್ಕೆಂದು ಬರೆದು, ಭಾಷಣ ಮಾಡಲು ಅವಕಾಶವಾಗದೆ ಅಚ್ಚು ಹಾಕಿಸಿದ 'ಜಾತಿ ವಿನಾಶ'ದಲ್ಲಿ ಜೈಪುರ ಸಂಸ್ಥಾನದ ಚಕ್ವಾರ ಎಂಬ ಹಳ್ಳಿಯ ಪ್ರಸಂಗ ಬರುತ್ತದೆ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನಕ್ಕೆ ಊಟ ಹಾಕಿದ. ಊಟದಲ್ಲಿ ತುಪ್ಪ ಬಡಿಸಿದ. ಸವರ್ಣೀಯರು ನೂರಾರು ಮಂದಿ ಲಾಠಿ ಹಿಡಿದು ನುಗ್ಗಿ, ಅಡುಗೆ ಹಾಳು ಮಾಡಿ, ಉಣ್ಣುತ್ತಿದ್ದವರನ್ನು ಎಲೆಯಿಂದ ಎಬ್ಬಿಸಿ ಬಡಿದರು. ಅಪರಾಧ ಏನು? ತುಪ್ಪ. ಅವನ ದುಡ್ಡು, ಅವನ ಅಂಗಳ, ಅವನ ಜನ. ಕದ್ದದ್ದಲ್ಲ, ಬೇಡಿದ್ದಲ್ಲ. ತುಪ್ಪ ತಿನ್ನುವುದು ನಾಲಗೆಯ ವಿಷಯವಲ್ಲ, ಸ್ಥಾನದ ವಿಷಯ ಅಂತ ಆ ಲಾಠಿಗಳು ಹೇಳಿದವು. ಬೇಡಿದರೆ ಮಜ್ಜಿಗೆ ಸಿಗುತ್ತದೆ, ದುಡಿದು ಕೊಂಡ ತುಪ್ಪಕ್ಕೆ ಏಟು ಬೀಳುತ್ತದೆ. ದಾನ ಅನ್ನುವುದರ ಬೇರು ಎಲ್ಲಿದೆ ನೋಡಿ.

ಕಡೆಯುವ ಕತೆಗಳಲ್ಲೇ ದೊಡ್ಡ ಕತೆ ಹಾಲ್ಗಡಲಿನದು. ಮಂದರ ಪರ್ವತ ಕಡಗೋಲು, ವಾಸುಕಿ ಹಗ್ಗ. ದೇವತೆಗಳು ಒಂದು ಕಡೆ, ಅಸುರರು ಒಂದು ಕಡೆ. ಹಾವಿನ ಹೆಡೆಯ ಕಡೆ ಹಿಡಿದು ವಿಷದ ಉಸಿರು ಕುಡಿದವರು ಅಸುರರು. ಎಳೆದದ್ದು ಇಬ್ಬರೂ. ಅಮೃತ ಬಂದಾಗ ಮೋಹಿನಿ ಸೌಟು ಹಿಡಿದು ಬಂದಳು, ಒಂದು ಸಾಲಿಗೆ ಮಾತ್ರ ಬಡಿಸಿದಳು. ರಾಹು ಆ ಸಾಲಿನಲ್ಲಿ ಹೋಗಿ ಕೂತ. ಕುತ್ತಿಗೆ ಹೋಯಿತು. ಇದನ್ನು ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ ನಾವೆಲ್ಲ ರಾಹು ಮೋಸಗಾರ ಅಂತ ಬರೆದು ಅಂಕ ತೆಗೆದುಕೊಂಡೆವು. ದುಡಿದವನು ತನ್ನ ಪಾಲಿಗೆ ಎಲೆ ಮುಂದೆ ಕೂತದ್ದು ಮೋಸವಾದರೆ, ಪಾಲು ಕೊಡದವರು ಮಾಡಿದ್ದು ಏನು? ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟರುಗಳು ಆ ಪಾಠ ಬಂದಾಗ ಮಕ್ಕಳಿಗೆ ಇದೊಂದು ಪ್ರಶ್ನೆ ಹಾಕಲಿ. ಪಠ್ಯದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.

ಕೃಷ್ಣನ ವಿಚಾರ ಎರಡೇ ಮಾತು. ಉಡುಪಿಯ ಕೃಷ್ಣನ ಒಂದು ಕೈಯಲ್ಲಿ ಕಡಗೋಲು, ಇನ್ನೊಂದು ಕೈಯಲ್ಲಿ ಹಗ್ಗ. ಬೆಣ್ಣೆ ಕದ್ದ ಹುಡುಗನನ್ನು ನಾಡೆಲ್ಲ ಮುದ್ದಾಡಿತು. ಅದೇ ಬೆಣ್ಣೆಯನ್ನು ಜೀತ ಮಾಡುವ ಹುಡುಗ ಬೆರಳಲ್ಲಿ ತೆಗೆದು ನೆಕ್ಕಿದ್ದರೆ ಅವನ ಬೆನ್ನಿನ ಮೇಲೆ ಯಾವ ಕೀರ್ತನೆ ಬರೆಯುತ್ತಿದ್ದರು ಅಂತ ನಮಗೆ ಗೊತ್ತು. ಆ ಗುಡಿಯ ಮುಂದೆಯೇ ಕನಕ ಹೊರಗೆ ನಿಂತ, ದೇವರು ಗೋಡೆಯ ಕಡೆ ತಿರುಗಿದ ಅಂತ ಕತೆ. ತಿರುಗಿದ್ದು ದೇವರು, ಬಾಗಿಲು ತೆರೆದವರಲ್ಲ. ಮಾದಾರ ಚೆನ್ನಯ್ಯನ ಮನೆಯ ಅಂಬಲಿ ಉಂಡ ಶಿವನ ಕತೆಯೂ ಈ ನಾಡಿನದೇ. ನನಗೆ ದೇವರುಗಳಲ್ಲಿ ಒಬ್ಬರನ್ನು ಊಟಕ್ಕೆ ಕರೆಯಬೇಕಾಗಿ ಬಂದರೆ ಅವನನ್ನೇ ಕರೆದೇನು.

ಇಷ್ಟು ಹೇಳಿ ಕೈ ತೊಳೆದುಕೊಂಡರೆ ಅರ್ಧ ಲೆಕ್ಕ ಹೇಳಿದ ಹಾಗೆ. ನಮ್ಮ ಹಟ್ಟಿಗೆ ಎಮ್ಮೆ ಬಂತು ಅಂದೆನಲ್ಲ, ಎಮ್ಮೆಯ ಜತೆಗೆ ಊರಿನ ಆಚಾರವೂ ಹಗ್ಗ ಬಿಗಿದುಕೊಂಡು ಬಂತು. ಮುಟ್ಟಾದ ಸೊಸೆ ಗಡಿಗೆ ಮುಟ್ಟಬಾರದು ಅನ್ನುವುದನ್ನು ನಮ್ಮಜ್ಜಿಯೇ ನಮ್ಮವ್ವನ ಮೇಲೆ ಹೇರಿದಳು. ತನ್ನನ್ನು ಜಗುಲಿಯಿಂದ ದೂರ ನಿಲ್ಲಿಸಿದ ಮಾತನ್ನೇ ಸೊಸೆಯನ್ನು ಒಲೆಯಿಂದ ದೂರ ನಿಲ್ಲಿಸಲು ಬಳಸಿದಳು. ಬೆಣ್ಣೆಯ ಮುದ್ದೆ ಗಂಡುಮಕ್ಕಳ ಅಂಗೈಗೆ, ಗಸಿ ಹೆಣ್ಣುಮಕ್ಕಳಿಗೆ. ಹಗ್ಗದ ಎರಡು ತುದಿಯನ್ನೂ ಹೆಣ್ಣೇ ಎಳೆದಳು, ಸಂತೆಯ ದುಡ್ಡು ಗಂಡಿನ ಜೇಬು ಸೇರಿತು. ಊರ ಯಜಮಾನನ ಮನೆಯಲ್ಲೂ ಕಡೆದದ್ದು ಹೆಂಗಸೇ. ಅವಳೂ ಕೋಳಿ ಕೂಗುವ ಮುಂಚೆ ಎದ್ದವಳೇ. ಅವಳಿಗೂ ನಮ್ಮಜ್ಜಿಗೂ ಮಧ್ಯೆ ಒಂದು ಗೋಡೆ ಇತ್ತು. ಆ ಗೋಡೆ ಇಬ್ಬರೂ ಕಟ್ಟಿದ್ದಲ್ಲ, ಆದರೆ ಇಬ್ಬರೂ ಸಾರಿಸಿದರು.

ಡೇರಿ ಬಂದಮೇಲೆ ಏನಾಯಿತು? 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಶುರುವಾಯಿತು, 1984ರಲ್ಲಿ ಅದು ಹಾಲು ಮಹಾಮಂಡಳಿಯಾಯಿತು. ಹಾಲು ಮನೆಯ ಗಡಿಗೆ ಬಿಟ್ಟು ಸಂಘದ ಕ್ಯಾನಿಗೆ ಹೋಯಿತು. ಹಾಲಿನ ಬೆಲೆಯನ್ನು ಜಿಡ್ಡು ನೋಡಿ ಕಟ್ಟುತ್ತಾರೆ, ಮುಖ ನೋಡಿ ಅಲ್ಲ. ಯಂತ್ರಕ್ಕೆ ಗೋತ್ರ ಗೊತ್ತಿಲ್ಲ. ಇದು ದೊಡ್ಡ ಮಾತೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರದ ತನಕ ಕ್ಯಾನು ಹೋಗಬೇಕಲ್ಲ. ಘನಶ್ಯಾಮ್ ಶಾ, ಹರ್ಷ್ ಮಂದರ್, ಸುಖದೇವ್ ಥೋರಟ್ ಮೊದಲಾದವರು ಕರ್ನಾಟಕವೂ ಸೇರಿ 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆದ ಅಧ್ಯಯನವನ್ನು 2006ರಲ್ಲಿ ಪುಸ್ತಕವಾಗಿ ತಂದರು. ಹಾಲಿನ ಸಂಘಕ್ಕೆ ದಲಿತರು ಹಾಲು ಹಾಕಲು ಅಡ್ಡಿ ಇರುವ ಹಳ್ಳಿಗಳು ಅರ್ಧಕ್ಕೆ ಹತ್ತಿರ ಇದ್ದವು. ಇನ್ನೊಂದು ಸಂಗತಿ. ಮನೆಯಲ್ಲಿ ಕಡೆದಾಗ ಬೆಣ್ಣೆ ತುಪ್ಪದ ಪುಡಿಗಾಸಾದರೂ ಎಷ್ಟೋ ಹೆಂಗಸರ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಸಂಘದ ಪಾಸ್‌ಬುಕ್ಕು ಗಂಡಸಿನ ಹೆಸರಿನಲ್ಲಿ ಬಂತು. 1986-87ರಲ್ಲಿ ಕೇಂದ್ರದ ಸ್ಟೆಪ್ ಯೋಜನೆ ಬಂದು, ಮುಂದೆ ನಮ್ಮಲ್ಲೂ ಅದರ ಕೆಳಗೆ ಮಹಿಳಾ ಹಾಲಿನ ಸಂಘಗಳು ಎದ್ದ ಮೇಲೆ ಕೆಲವು ಕಡೆ ಇದು ಸರಿಹೋಯಿತು.

2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪುಡಿಯ ಹಾಲು, 150 ಎಂ.ಎಲ್., ಸ್ಟೀಲ್ ಲೋಟ. ಎಲ್ಲರಿಗೂ ಒಂದೇ ಬಕೆಟ್ಟು, ಒಂದೇ ಸೌಟು, ಎತ್ತಿ ಹೊಯ್ಯದೆ ಲೋಟಕ್ಕೆ ತಾಗಿಸಿ ಹೊಯ್ಯುತ್ತಿದ್ದರು. ರುಚಿ ಅಷ್ಟಕ್ಕಷ್ಟೆ. ಆದರೆ ಅದನ್ನು ಕುಡಿದದ್ದಕ್ಕೆ ಇವತ್ತಿನ ತನಕ ಯಾರೂ ನನ್ನನ್ನು ನಮ್ಮ ಹಾಲು ಕುಡಿದವಳು ಅಂತ ಹಂಗಿಸಿಲ್ಲ. ಹಕ್ಕಿಗೂ ದಾನಕ್ಕೂ ಇರುವ ವ್ಯತ್ಯಾಸವನ್ನು ನಾನು ಆ ಲೋಟದಲ್ಲಿ ಕಲಿತೆ.

2023ರಲ್ಲಿ ಮೊಸರಿನ ಪ್ಯಾಕೆಟ್ಟಿನ ಮೇಲೆ 'ದಹಿ' ಅಂತ ಬರೆಯಬೇಕು ಅಂದಾಗ ನಾಡು ಸಿಟ್ಟಾಯಿತು, ಆದೇಶ ಹಿಂದಕ್ಕೆ ಹೋಯಿತು. ಒಳ್ಳೆಯದೇ ಆಯಿತು, ಮೊಸರು ಅನ್ನುವ ಮಾತು ಉಳಿಯಬೇಕು. ಅದೇ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಅಂದಾಗ 'ನಮ್ಮ ನಂದಿನಿ' ಅಂತ ಎಲ್ಲರೂ ಕೂಗಿದರು, ನಾನೂ ಕೂಗಿದೆ. ಆ 'ನಮ್ಮ' ಅನ್ನುವ ಮಾತಿನೊಳಗೆ ಹಟ್ಟಿಯ ಕ್ಯಾನೂ ಸೇರಿದೆಯೇ ಅಂತ ಮಾತ್ರ ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ರಾಜಗೋಪಾಲನಗರದಲ್ಲಿ ಕೊಟ್ಟಿಗೆ ಎಲ್ಲಿ, ಕಂಬ ಎಲ್ಲಿ ಅನ್ನುತ್ತೀರಿ. ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ. ಹಾಸನದವರು, ಮಾಗಡಿಯವರು, ರಾಯಚೂರಿನವರು. ಪೌಡರ್ ಕೋಟಿಂಗ್ ಮಾಡುವವರು, ಪ್ಯಾಕಿಂಗ್ ಮಾಡುವವರು, ಶಿಫ್ಟ್ ಮುಗಿಸಿ ಹಗಲು ಮಲಗುವವರು. ಇಲ್ಲೂ ಹೆಂಗಸರು ಪ್ಯಾಕೆಟ್ ಹಾಲಿನ ಕೆನೆಯನ್ನು ಡಬ್ಬಿಯಲ್ಲಿ ಕೂಡಿಟ್ಟು, ಹೆಪ್ಪು ಹಾಕಿ, ಭಾನುವಾರ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಅಲ್ಲಾಡಿಸುತ್ತಾರೆ. ಒಬ್ಬರು ಟಿ.ವಿ. ನೋಡುತ್ತ ಅಲ್ಲಾಡಿಸುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ತವರಿನ ಜತೆ ಮಾತಾಡುತ್ತ. ಸದ್ದು ಅದೇ. ತೆಳ್ಳಗೆ ಶುರುವಾಗಿ ಭಾರವಾಗುವುದು.

ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ಒಂದು ಸಂಜೆ ಬಟ್ಟಲು ಹಿಡಿದು ಬಂದರು. 'ಹೆಪ್ಪಿಗೆ ಒಂಚೂರು ಮೊಸ್ರು ಕೊಡ್ತೀರಾಕ್ಕ?' ದೀಪ ಹಚ್ಚಿದ ಹೊತ್ತು. ನಮ್ಮವ್ವ ನಕ್ಕು ಕೊಟ್ಟಳು. ಮೆಣಸಿನಕಾಯಿ ಹಾಕಲಿಲ್ಲ. ಆಮೇಲೆ ಅವರ ಮನೆಯ ಹೋಳಿಗೆ ನಮ್ಮ ಮನೆಗೆ, ನಮ್ಮ ಮನೆಯ ಅವರೇಕಾಳು ಸಾರು ಅವರ ಮನೆಗೆ, ಪಾತ್ರೆಗಳು ಬರಿದಾಗದೆ ಓಡಾಡಿದವು. ಏಪ್ರಿಲ್ 14ರಂದು ತಮ್ಮ ಬಾಗಿಲ ಮುಂದೆ ಬಾಬಾಸಾಹೇಬರ ಫೋಟೋ ಇಟ್ಟು ಹಾರ ಹಾಕಿದ. ಮಾರನೆ ವಾರದಿಂದ ಪಾತ್ರೆ ಬರುವುದು ನಿಂತಿತು. ಜಗಳ ಇಲ್ಲ, ಮಾತು ಇಲ್ಲ. ಎದುರಿಗೆ ಸಿಕ್ಕರೆ ನಗುತ್ತಾರೆ. ಅವ್ವ ಒಂದು ಸಲ ಉಪ್ಪಿಟ್ಟು ಕಳಿಸಿದಳು. 'ಇವತ್ತು ಉಪವಾಸ ಕಣಕ್ಕ' ಅಂದರು.

ಹೆಪ್ಪು ಅಂದರೇನು? ಕಣ್ಣಿಗೆ ಕಾಣದ ಜೀವಗಳು. ಇವತ್ತಿನ ಮೊಸರಿನ ಒಂದು ಚಮಚ ನಾಳೆಯ ಮೊಸರು, ಅದರ ಒಂದು ಚಮಚ ನಾಡಿದ್ದಿನದು. ನಡುವೆ ಮುರಿಯದೆ ಇದ್ದರೆ ವಂಶ ಅದೇ. ಅವರ ಮನೆಯಲ್ಲಿ ಮೊಸರು ಮುರಿದಿಲ್ಲ. ನಮ್ಮ ಮನೆಯ ಹೆಪ್ಪು ದಿನಾ ರಾತ್ರಿ ಅವರ ಹಾಲಿನಲ್ಲಿ ಎದ್ದು ಕೆಲಸ ಮಾಡುತ್ತಿದೆ. ಅದನ್ನು ಚೆಲ್ಲಿ ಶುದ್ಧವಾಗಬೇಕು ಅಂದರೂ ಹೊಸ ಹೆಪ್ಪು ಎಲ್ಲಿಂದ ತರುತ್ತಾರೆ? ಅಂಗಡಿಯ ಪ್ಯಾಕೆಟ್ಟಿನಿಂದ. ಆ ಪ್ಯಾಕೆಟ್ಟಿನಲ್ಲಿ ಎಷ್ಟು ಸಾವಿರ ಮನೆಯ ಹಾಲು ಬೆರೆತಿದೆಯೋ, ಯಾವ ಯಾವ ಕೈ ಹಿಂಡಿದೆಯೋ. ನಾನು ಇದನ್ನು ಅವರಿಗೆ ಹೇಳಿಬಿಡುತ್ತೇನೆ ಅಂದೆ. ಅವ್ವ ಬೇಡ ಅಂದಳು. 'ಮೊಸ್ರು ಚೆಲ್ಲಿಗಿಲ್ಲಾರು, ಎಳೆ ಮಗು ಐತೆ ಆ ಮನೇಲಿ' ಅಂದಳು.

ಅವ್ವನ ಈ ಮಾತು ಸರಿಯೇ? ನಾನು ಇನ್ನೂ ಜಗಳ ಆಡುತ್ತಿದ್ದೇನೆ. ಸುಮ್ಮನಿದ್ದರೆ ಅಪ್ಪ ತಲೆ ತಗ್ಗಿಸಿದ್ದಕ್ಕೂ ಇದಕ್ಕೂ ಏನು ಫರಕು ಅಂತ ನಾನು. ತಗ್ಗಿಸಿದ್ದು ತೆಗೆದುಕೊಂಡವನು, ನಾನು ಕೊಟ್ಟವಳು ಅಂತ ಅವಳು. ಕೊಟ್ಟವಳಿಗೆ ಹಂಗಿಸುವ ಅವಕಾಶ ಇದ್ದೂ ಹಂಗಿಸದೆ ಇರುವುದು ಒಂದು ಶಕ್ತಿ ಅಂತ ಅವಳ ವಾದ. ಆ ಶಕ್ತಿಯಿಂದ ಪಕ್ಕದ ಮನೆಯ ಬಾಗಿಲು ತೆರೆಯಿತೇ ಅಂತ ನನ್ನ ವಾದ. ತೆರೆದಿಲ್ಲ. ಆದರೆ ಊರಿನ ಯಜಮಾನರ ಮಾತಿಗೆ ಉತ್ತರ ಏನು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಮುಂದಿನ ಹಬ್ಬಕ್ಕೆ ಹೋದಾಗ ಯಾರಾದರೂ 'ನಮ್ಮನೆ ಮಜ್ಜಿಗೆ' ಅಂದರೆ ಅಪ್ಪ ಕೇಳಲಿ: ಎಮ್ಮೆ ಮೇಯಿಸಿದ ಕೂಲಿ ಎಷ್ಟು ವರ್ಷದ್ದು ಬಾಕಿ ಇದೆ, ಅದನ್ನು ಕಳೆದು ಹೇಳಿ. ಅಪ್ಪ ಕೇಳದಿದ್ದರೆ ನಾನು ಕೇಳುತ್ತೇನೆ.

ಸಂಜೆ ಹೊತ್ತು ನಾನು ಇಲ್ಲಿ ಹದಿನೈದಿಪ್ಪತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ಹೋದ ತಿಂಗಳು ಕನ್ನಡ ಪುಸ್ತಕದ ಜಾನಪದ ಪಾಠ ಮುಗಿದ ಮೇಲೆ ನಾಲ್ಕು ಪ್ರಶ್ನೆ ಬರೆಸಿದೆ. ನಿಮ್ಮ ಅಜ್ಜಿಯ ಊರಿನಲ್ಲಿ ಬೆಣ್ಣೆ ಕಡೆಯುತ್ತಿದ್ದವರು ಯಾರು? ಆ ದನ ಎಮ್ಮೆ ಮೇಯಿಸುತ್ತಿದ್ದವರು ಯಾರು? ಬೆಣ್ಣೆ ತಿಂದವರು ಯಾರು? ಮಜ್ಜಿಗೆಯನ್ನು ಯಾವ ಪಾತ್ರೆಯಲ್ಲಿ ಕೊಡುತ್ತಿದ್ದರು? ಫೋನ್ ಮಾಡಿ ಕೇಳಿಕೊಂಡು ಬನ್ನಿ ಅಂದೆ. ಒಬ್ಬ ಹುಡುಗ ಎರಡು ಪುಟ ಬರೆದುಕೊಂಡು ಬಂದ. ಅವನ ಅಜ್ಜಿ ಹಾಡೂ ಹೇಳಿದಳಂತೆ. ಒಬ್ಬಳು 'ನಮ್ಮ ಮನೆಯಲ್ಲಿ ಹಸುವೇ ಇರಲಿಲ್ಲ ಮಿಸ್' ಅಂದಳು. ರಾಯಚೂರು ಕಡೆಯ ಹುಡುಗಿ ನಾಲ್ಕನೆಯ ಪ್ರಶ್ನೆಗೆ ಮಾತ್ರ ಉತ್ತರ ಬರೆದಿದ್ದಳು: 'ತೆಂಗಿನ ಚಿಪ್ಪು. ಅದನ್ನು ಅವರ ಹಿತ್ತಲ ಬೇಲಿಗೆ ಸಿಕ್ಕಿಸಿ ಬರಬೇಕಿತ್ತಂತೆ.' ಪಕ್ಕದ ಮನೆಯ ದೊಡ್ಡ ಹುಡುಗನೂ ನನ್ನ ಹತ್ತಿರ ಪಾಠಕ್ಕೆ ಬರುತ್ತಾನೆ. ಅವನ ಅಜ್ಜಿಗೆ ಫೋನ್ ಸಿಕ್ಕಿಲ್ಲವಂತೆ, ದಸರಾ ರಜೆಗೆ ಊರಿಗೆ ಹೋದಾಗ ಕೇಳಿಕೊಂಡು ಬರುತ್ತೇನೆ ಅಂದಿದ್ದಾನೆ.